ಮನೆಗೂ ರೇಸಿಗೂ ಒಂದೇ ಹಳೆಯ ಸೈಕಲ್: ಕೊಳ್ಳುವ ಮುನ್ನ

ಭಾನುವಾರ ಮಕ್ಕಳೊಂದಿಗೆ ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಲು, ಉಳಿದ ದಿನ ಗೆಳೆಯರ ಜೊತೆ ಜೋಗಿಮಟ್ಟಿಯ ಏರು ಹತ್ತಲು ಒಂದೇ ಸೆಕೆಂಡ್ ಹ್ಯಾಂಡ್ ಸೈಕಲ್ ಸಾಕೇ ಎಂದು ಹಲವರು ಕೇಳಿದ್ದೀರಿ. ಸಾಕು, ಆದರೆ ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ.

ಮೊದಲು ಚೈನ್ ಅಳೆಯಿರಿ. ಅದನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವಿನಿಂದ 24 ಕೊಂಡಿಗಳಷ್ಟು ದೂರಕ್ಕೆ ಸ್ಕೇಲ್ ಇಡಿ. ಹೊಸದಾದರೆ ಸರಿಯಾಗಿ 12 ಇಂಚು ಇರುತ್ತದೆ. ಇಂಚಿನ ಎಂಟನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಮುಗಿದಿದೆ. ಹಿಂದಿನ ಹಲ್ಲುಚಕ್ರಗಳೂ ಸವೆದಿರುವ ಸಂಭವ ಹೆಚ್ಚು. ಆ ಖರ್ಚನ್ನು ಬೆಲೆಯಿಂದ ಕಳೆಯಲು ಕೇಳಿ, ಸಂಕೋಚ ಬೇಡ. ನಾನು ಒಮ್ಮೆ ಅಳೆಯದೆ ತಂದು ಎರಡನ್ನೂ ಬದಲಿಸಬೇಕಾಯಿತು.

ಸೀಟಿನ ಕಂಬ ಮೇಲೆ ಕೆಳಗೆ ಜಾರುತ್ತದೆಯೇ ನೋಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಮನೆಯವರಿಗೆ ಎತ್ತರ ಹೊಂದಿಸಲಾಗದು. ಹ್ಯಾಂಡಲ್ ಕೆಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟುಬಿಡಿ.

32 ಮಿಲಿಮೀಟರ್ ಅಗಲದ ಟೈರ್ ಹಿಡಿಸುವಷ್ಟು ಜಾಗ, ಕ್ಯಾರಿಯರ್ ಕೂರಿಸಲು ತೂತುಗಳು ಇರಲಿ. ತೆಳು ಟೈರಿನ ಅಪ್ಪಟ ರೇಸ್ ಸೈಕಲ್ ನಮ್ಮ ಜಲ್ಲಿ ರಸ್ತೆಗೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅಳತೆ ನಿಮ್ಮ ಮೈಗೆ ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಓಡಿಸಿ ನೋಡಲು ಬಿಡದವರ ಬಳಿ ವ್ಯಾಪಾರವೇ ಬೇಡ.