ಐರ್ಲೆಂಡಿನ ಸ್ಥಳೀಯ ರೇಡಿಯೊದಲ್ಲಿ ಸಮುದಾಯ ಕಾರ್ಯಕ್ರಮ: ಸಾರ್ವಜನಿಕ ಹಣಕ್ಕೆ ಅರ್ಜಿ ಹಾಕುವ ಕ್ರಮ

ಐರ್ಲೆಂಡಿನ ಯಾವುದಾದರೂ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಸ್ಥಳೀಯ ರೇಡಿಯೊವನ್ನು ಕೆಲವು ವಾರ ಬಿಡದೆ ಕೇಳಿದವರಿಗೆ, ಊರಿನ ಇತಿಹಾಸವನ್ನೋ ಒಂದು ಸಮುದಾಯದ ಬದುಕನ್ನೋ ಕುರಿತ ರೂಪಕ ಮುಗಿದ ಕೂಡಲೇ, ಇದು ಮಾಧ್ಯಮ ಆಯೋಗವಾದ ಕಮಿಷೂನ್ ನ ಮ್ಯಾನ್ ಸಂಸ್ಥೆಯ ನೆರವಿನಿಂದ, ಟೆಲಿವಿಷನ್ ಲೈಸೆನ್ಸ್ ಶುಲ್ಕದ ಹಣದಲ್ಲಿ ತಯಾರಾಯಿತು ಎಂಬ ಒಂದು ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ. ಆ ಒಂದು ವಾಕ್ಯದ ಹಿಂದಿರುವ ಯೋಜನೆಯ ಹೆಸರು ‘ಸೌಂಡ್ ಅಂಡ್ ವಿಷನ್’. ಅದರಿಂದ ಹಣ ಪಡೆಯಬಯಸುವವರು ಏನನ್ನು ಸಿದ್ಧಪಡಿಸಿಕೊಳ್ಳಬೇಕು, ಯಾವ ಕೆಲಸವನ್ನು ಯಾವುದಕ್ಕಿಂತ ಮೊದಲು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಣದ ಮೂಲವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಯೋಜನೆಯ ನಿಯಮಗಳೆಲ್ಲ ಅಲ್ಲಿಂದಲೇ ಹುಟ್ಟಿವೆ. ಐರ್ಲೆಂಡಿನಲ್ಲಿ ಟಿವಿ ಇರುವ ಮನೆಯವರು ವರ್ಷಕ್ಕೆ 160 ಯೂರೋ ಲೈಸೆನ್ಸ್ ಶುಲ್ಕ ಕಟ್ಟಬೇಕು. 2003ರ ಕಾನೂನು ಆ ಹಣದ ಶೇಕಡಾ 5ರಷ್ಟನ್ನು ಹೊಸ ಕಾರ್ಯಕ್ರಮಗಳ ತಯಾರಿಕೆಗೆ ಮೀಸಲಿಟ್ಟಿತು. 2009ರ ಪ್ರಸಾರ ಕಾಯ್ದೆ ಅದನ್ನು ಶೇಕಡಾ 7ಕ್ಕೆ ಏರಿಸಿತು. ವಸೂಲಿಯ ಖರ್ಚು ಕಳೆದು ಉಳಿದ ಮೊತ್ತದ ಮೇಲೆ ಈ ಪಾಲನ್ನು ಲೆಕ್ಕ ಹಾಕುವುದರಿಂದ, ಒಂದು ಮನೆಯಿಂದ ಈ ನಿಧಿಗೆ ಸೇರುವುದು 11 ಯೂರೋ 20 ಸೆಂಟ್‌ಗಿಂತ ಕಡಿಮೆಯೇ. ರೇಡಿಯೊಗೆಂದು ಪ್ರತ್ಯೇಕ ಲೈಸೆನ್ಸ್ ಕೊಳ್ಳುವ ಪದ್ಧತಿ ಅಲ್ಲಿ 1972ರಲ್ಲೇ ನಿಂತಿತು. ಹೀಗಾಗಿ ಟಿವಿ ನೋಡುವವರ ಹಣದಿಂದ ರೇಡಿಯೊ ಕಾರ್ಯಕ್ರಮ ತಯಾರಾಗುವುದು ಕೇಳಲು ವಿಚಿತ್ರವೆನಿಸಿದರೂ ಎರಡು ದಶಕಗಳಿಂದ ನಡೆದುಬಂದಿರುವ ವ್ಯವಸ್ಥೆಯಾಗಿದೆ. 2023ರ ಮಾರ್ಚ್‌ವರೆಗೆ ಯೋಜನೆಯನ್ನು ನೋಡಿಕೊಳ್ಳುತ್ತಿದ್ದುದು ಐರ್ಲೆಂಡಿನ ಪ್ರಸಾರ ಪ್ರಾಧಿಕಾರ. ಅಂದಿನಿಂದ ಆ ಹೊಣೆ ಕಮಿಷೂನ್ ನ ಮ್ಯಾನ್, ಅಂದರೆ ಮಾಧ್ಯಮ ಆಯೋಗದ ಮೇಲಿದೆ.

ಈ ಹಣ ಕಾರ್ಯಕ್ರಮಕ್ಕೇ ಹೊರತು ರೇಡಿಯೊ ಕೇಂದ್ರಕ್ಕಲ್ಲ ಎಂಬುದನ್ನು ಅರ್ಜಿದಾರರು ಎಷ್ಟು ಬೇಗ ಅರಿತರೆ ಅಷ್ಟು ಒಳ್ಳೆಯದು. ಸ್ಟುಡಿಯೊದ ಬಾಡಿಗೆ, ಟ್ರಾನ್ಸ್‌ಮಿಟರ್ ದುರಸ್ತಿ, ಕಾಯಂ ಸಿಬ್ಬಂದಿಯ ಸಂಬಳ ಇವುಗಳ ಹೊರೆ ಇಳಿಸಿಕೊಳ್ಳಲು ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಕೆಲವು ಸಮುದಾಯ ಕೇಂದ್ರಗಳು ಸಿಬ್ಬಂದಿಯ ವೇತನಕ್ಕೆ ಪೋಬಲ್ ಸಂಸ್ಥೆ ನಿರ್ವಹಿಸುವ ಸಮುದಾಯ ಸೇವಾ ಕಾರ್ಯಕ್ರಮದ ನೆರವನ್ನು ಪಡೆಯುತ್ತವೆ. ಅದು ಬೇರೆಯೇ ದಾರಿ. ಮುಖ್ಯವಾಗಿ ಸುದ್ದಿಗೆ ಅಥವಾ ಪ್ರಚಲಿತ ವಿದ್ಯಮಾನಗಳಿಗೆ ಮೀಸಲಾದ ಕಾರ್ಯಕ್ರಮಗಳೂ ‘ಸೌಂಡ್ ಅಂಡ್ ವಿಷನ್’ನ ವ್ಯಾಪ್ತಿಗೆ ಬರುವುದಿಲ್ಲ. ಕೌಂಟಿ ಕೌನ್ಸಿಲ್‌ಗಳ ಕಲಾಪ ಮತ್ತು ನ್ಯಾಯಾಲಯಗಳ ವರದಿಗಾರಿಕೆಗೆ ಆಯೋಗವು 2024ರಲ್ಲಿ ಪ್ರತ್ಯೇಕ ಪತ್ರಿಕೋದ್ಯಮ ಯೋಜನೆಗಳನ್ನು ಆರಂಭಿಸಿದೆ. ನಿಮ್ಮ ಮನಸ್ಸಿನಲ್ಲಿರುವುದು ಅಂಥ ವರದಿಯಾದರೆ ಅತ್ತ ಹೋಗಬೇಕು.

ಕಾಯ್ದೆ ಒಪ್ಪುವ ವಿಷಯಗಳ ಹರವು ಮಾತ್ರ ಉದಾರವಾಗಿದೆ. ಐರ್ಲೆಂಡಿನ ಸಂಸ್ಕೃತಿ, ಇತಿಹಾಸ, ಗ್ರಾಮೀಣ ಮತ್ತು ಜಾನಪದ ಪರಂಪರೆ, ಕಲೆಗಳು, ಐರಿಷ್ ಭಾಷೆ, ಇಂದಿನ ಸಾಮಾಜಿಕ ಪ್ರಶ್ನೆಗಳು, ವಯಸ್ಕರ ಸಾಕ್ಷರತೆ, ಮಾಧ್ಯಮ ಸಾಕ್ಷರತೆ, ಐರ್ಲೆಂಡಿನ ಜೊತೆಗೆ ಇತರ ದೇಶಗಳನ್ನೂ ತಟ್ಟುವ ಜಾಗತಿಕ ಸಮಸ್ಯೆಗಳು ಎಲ್ಲವೂ ಅದರಲ್ಲಿವೆ. ಈ ಹರವೇ ಹೊಸಬರನ್ನು ದಾರಿ ತಪ್ಪಿಸುತ್ತದೆ. ಪಟ್ಟಿಯಲ್ಲಿರುವ ಪದಗಳನ್ನೇ ಎತ್ತಿಕೊಂಡು ‘ನಮ್ಮ ಕೌಂಟಿಯ ಗ್ರಾಮೀಣ ಪರಂಪರೆಯ ಕುರಿತ ಸರಣಿ’ ಎಂದು ಬರೆದರೆ ಅದು ವಿಷಯದ ಹೆಸರಾಯಿತೇ ಹೊರತು ಕಾರ್ಯಕ್ರಮವಾಗಲಿಲ್ಲ. ಆಫಲಿ ಕೌಂಟಿಯನ್ನೇ ತೆಗೆದುಕೊಳ್ಳೋಣ. ಜೌಗು ನೆಲದ ಪೀಟ್ ಅಗೆದು ಉರುವಲಾಗಿ ಬಳಸುವುದು ಅಲ್ಲಿ ತಲೆಮಾರುಗಳ ಜೀವನೋಪಾಯವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಶಾನನ್‌ಬ್ರಿಜ್‌ನ ಪೀಟ್ ವಿದ್ಯುತ್ ಸ್ಥಾವರ ಮುಚ್ಚಿತು. ಮರುತಿಂಗಳೇ ಸರ್ಕಾರಿ ಸಂಸ್ಥೆಯಾದ ಬೋರ್ಡ್ ನ ಮೋನ ತಾನು ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಘೋಷಿಸಿತು. ಅಜ್ಜ, ತಂದೆ, ಮಗಳು ಮೂವರೂ ಅದೇ ಜೌಗಿನಲ್ಲಿ ದುಡಿದ ಮನೆಗಳವರ ಮಾತನ್ನು, ಯಂತ್ರಗಳು ನಿಂತ ಮೇಲೆ ಅಲ್ಲಿ ಕೇಳಿಸುವ ಹಕ್ಕಿಗಳ ದನಿಯನ್ನು, ಹೊಸ ಕೆಲಸ ಕಲಿಯಲು ಹೊರಟವರ ಅಳುಕನ್ನು ತಲಾ 25 ನಿಮಿಷದ ನಾಲ್ಕು ಕಂತುಗಳಲ್ಲಿ ಕೇಳಿಸುತ್ತೇವೆ ಎಂದು ಬರೆದರೆ, ಓದುವವರಿಗೆ ಅದು ಕಿವಿಯಲ್ಲಿ ಕೇಳತೊಡಗುತ್ತದೆ. ಯಾರು ಮಾತನಾಡುತ್ತಾರೆ, ಯಾವ ಸದ್ದು ಇರುತ್ತದೆ, ಒಂದು ಕಂತಿನಿಂದ ಮುಂದಿನ ಕಂತಿಗೆ ಏನು ಬದಲಾಗುತ್ತದೆ ಎಂಬ ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಅರ್ಜಿಯನ್ನು ಇನ್ನೂ ಬರೆಯಲು ಕೂರಬಾರದು.

ಅದೇ ರೀತಿ, ಕೌಂಟಿ ಆಸ್ಪತ್ರೆಯಲ್ಲಿ ದುಡಿಯುವ ವಲಸಿಗ ದಾದಿಯರ ಬದುಕು, ಊರಿನ ವೃದ್ಧರು ಮೊಬೈಲ್‌ಗೆ ಬರುವ ವಂಚನೆಯ ಸಂದೇಶಗಳನ್ನು ಗುರುತಿಸಲು ಕಲಿಯುವುದು ಮುಂತಾದ ವಸ್ತುಗಳು ಯೋಜನೆಯ ಉದ್ದೇಶಗಳಿಗೆ ಸಹಜವಾಗಿ ಹೊಂದುತ್ತವೆ. ಸಮುದಾಯದ ಬಗ್ಗೆ ಮಾಡುವ ಕಾರ್ಯಕ್ರಮಕ್ಕೂ ಸಮುದಾಯದವರೊಡನೆ ಕೂತು ಮಾಡುವ ಕಾರ್ಯಕ್ರಮಕ್ಕೂ ಅಂತರವಿದೆ. ಅಲ್ಲಿನ ಸಂಘದವರು ವಸ್ತುವಿನ ಆಯ್ಕೆಯಲ್ಲೇ ಕೈಜೋಡಿಸಿದ್ದರೆ ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಕಾಣಿಸಿ, ಅವರಿಂದ ಒಂದು ಒಪ್ಪಿಗೆ ಪತ್ರವನ್ನೂ ಪಡೆದಿಡಿ.

ವಸ್ತು ಗಟ್ಟಿಯಾದ ಮೇಲೆ ಮೊದಲು ಹೋಗಬೇಕಾದದ್ದು ರೇಡಿಯೊ ಕೇಂದ್ರದ ಬಾಗಿಲಿಗೆ. ಕೇಂದ್ರವೇ ಅರ್ಜಿ ಹಾಕಬಹುದು, ಸ್ವತಂತ್ರ ನಿರ್ಮಾಪಕರೂ ಹಾಕಬಹುದು. ಆದರೆ ನಿರ್ಮಾಪಕರು ಹಾಕುವಾಗ ಆ ಕಾರ್ಯಕ್ರಮವನ್ನು ಪ್ರಸಾರ ಮಾಡುತ್ತೇವೆಂದು ಒಂದು ಕೇಂದ್ರ ಲಿಖಿತವಾಗಿ ಒಪ್ಪಿರಬೇಕು. ಸ್ಥಳೀಯ ಖಾಸಗಿ ಕೇಂದ್ರಗಳಿಗೆ ಅವಕಾಶವಾದದ್ದು 1988ರ ಕಾಯ್ದೆಯಿಂದ. ಕ್ಲೇರ್ ಎಫ್‌ಎಂ, ರೇಡಿಯೊ ಕೆರಿ, ಡೊನೆಗಾಲ್‌ನ ಹೈಲ್ಯಾಂಡ್ ರೇಡಿಯೊ, ಲೀಶ್, ಆಫಲಿ ಮತ್ತು ವೆಸ್ಟ್‌ಮೀತ್ ಕೌಂಟಿಗಳಿಗೆ ಕೇಳಿಸುವ ಮಿಡ್‌ಲ್ಯಾಂಡ್ಸ್ 103 ಇವೆಲ್ಲ ಆ ಬಗೆಯವು. ಲಾಭವಿಲ್ಲದೆ, ಬಹುಪಾಲು ಸ್ವಯಂಸೇವಕರ ದುಡಿಮೆಯಿಂದ ನಡೆಯುವ ಸಮುದಾಯ ಕೇಂದ್ರಗಳು 1990ರ ದಶಕದ ನಡುವೆ ಆರಂಭವಾದವು. ಉತ್ತರ ಡಬ್ಲಿನ್‌ನ ನಿಯರ್ ಎಫ್‌ಎಂ, ಗಾಲ್ವೇ ಕೌಂಟಿಯ ಕಾನಮಾರಾ ಸಮುದಾಯ ರೇಡಿಯೊ ಈ ಸಾಲಿನವು. ಸಮುದಾಯ ಕೇಂದ್ರಗಳ ಒಕ್ಕೂಟದ ಹೆಸರು ಕ್ರೀಲ್. ಕೇಳುಗರ ಸಂಖ್ಯೆ ದೊಡ್ಡದು ಬೇಕೆಂದರೆ ಖಾಸಗಿ ಕೇಂದ್ರ, ಜನರಿಗೆ ತರಬೇತಿ ಕೊಟ್ಟು ಅವರ ಕೈಯಲ್ಲೇ ಮೈಕ್ ಇಡಬೇಕೆಂದರೆ ಸಮುದಾಯ ಕೇಂದ್ರ ಎಂಬುದು ಸ್ಥೂಲವಾಗಿ ನನ್ನ ಅಭಿಪ್ರಾಯ.

ಕೇಂದ್ರದ ಪತ್ರ ಹೇಗಿರಬೇಕೆಂಬ ಬಗ್ಗೆ ಒಂದು ಮಾತು. ‘ಇದು ಒಳ್ಳೆಯ ಪ್ರಯತ್ನ, ನಮ್ಮ ಶುಭಾಶಯಗಳು’ ಎಂಬ ಪತ್ರದಿಂದ ಏನೂ ಆಗದು. ಯಾವ ದಿನ, ಯಾವ ವೇಳೆಗೆ ಪ್ರಸಾರ, ಎಷ್ಟು ಕಂತು, ಮರುಪ್ರಸಾರವುಂಟೇ, ಕೇಂದ್ರವು ತನ್ನ ಕಡೆಯಿಂದ ಸ್ಟುಡಿಯೊ ಅಥವಾ ಸಿಬ್ಬಂದಿಯ ಸಮಯ ಕೊಡುವುದೇ, ಸಂಪಾದಕೀಯ ಹೊಣೆ ಯಾರದು ಎಂಬುದೆಲ್ಲ ಅದರಲ್ಲಿರಬೇಕು. ವೇಳೆಯ ವಿಷಯ ಸಣ್ಣದಲ್ಲ. ಸಾರ್ವಜನಿಕ ಹಣದ ಕಾರ್ಯಕ್ರಮವನ್ನು ನಡುರಾತ್ರಿಗೆ ತಳ್ಳದೆ ಹೆಚ್ಚು ಜನ ಕೇಳುವ ಹೊತ್ತಿಗೆ ಪ್ರಸಾರ ಮಾಡಬೇಕೆಂಬುದು ಯೋಜನೆಯ ಆಶಯ.

ಆಯವ್ಯಯದ ಪಟ್ಟಿಯಲ್ಲಿ ಎರಡು ಬಗೆಯ ತಪ್ಪು ಕಾಣುತ್ತವೆ. ಹಣ ಸಿಗಲೆಂದು ಮೊತ್ತವನ್ನು ತೀರಾ ಇಳಿಸುವುದು ಒಂದು. ಸಂಶೋಧನೆ, ಧ್ವನಿಮುದ್ರಣ, ಸಂಕಲನ, ನಿರೂಪಕರ ಸಂಭಾವನೆ, ಕೌಂಟಿಯೊಳಗಿನ ಓಡಾಟ, ವಿಮೆ, ಅನುವಾದ ಇವಕ್ಕೆ ತಗಲುವ ದಿನಗಳನ್ನು ಎಣಿಸಿದರೆ ರೂಪಕವೊಂದು ಅಗ್ಗದ ಕೆಲಸವಲ್ಲವೆಂದು ತಿಳಿಯುತ್ತದೆ, ಇಳಿಸಿದ ಮೊತ್ತ ನೋಡಿದವರಿಗೆ ಇವರಿಂದ ಕೆಲಸ ಮುಗಿಯದೆಂಬ ಅನುಮಾನ ಬರುತ್ತದೆ. ಸ್ವಯಂಸೇವಕರ ದುಡಿಮೆಯನ್ನು ಸಂಬಳದ ದುಡಿಮೆಯೊಡನೆ ಬೆರೆಸಿ ಬರೆಯುವುದು ಇನ್ನೊಂದು. ಪುಕ್ಕಟೆ ಬಂದದ್ದನ್ನು ಪುಕ್ಕಟೆ ಎಂದೇ ತೋರಿಸಿ, ಅದು ಕೇಂದ್ರದ ಕೊಡುಗೆಯೆಂದು ನಮೂದಿಸಿ. ಇದರ ಜೊತೆಗೆ, ಈ ಹಣವಿಲ್ಲದಿದ್ದರೆ ಕಾರ್ಯಕ್ರಮ ಆಗುತ್ತಲೇ ಇರಲಿಲ್ಲ ಅಥವಾ ಈ ಗುಣಮಟ್ಟದಲ್ಲಿ ಆಗುತ್ತಿರಲಿಲ್ಲ ಎಂಬುದನ್ನು ಮನವರಿಕೆ ಮಾಡಿಕೊಡಬೇಕು. ಕೇಂದ್ರವು ಪ್ರತಿವಾರ ಹೇಗೂ ಮಾಡುವ ಹರಟೆಗೆ ಹೊಸ ಹೆಸರಿಟ್ಟು ಕಳುಹಿಸಿದರೆ ಅದು ಗೊತ್ತಾಗದೆ ಇರುವುದಿಲ್ಲ.

ಅರ್ಜಿಗಳನ್ನು ವರ್ಷವಿಡೀ ತೆಗೆದುಕೊಳ್ಳುವುದಿಲ್ಲ. ಆಯೋಗವು ಸುತ್ತುಗಳನ್ನು ಪ್ರಕಟಿಸಿ, ಪ್ರತಿ ಸುತ್ತಿಗೂ ಕೊನೆಯ ದಿನ ಗೊತ್ತುಮಾಡಿ, ಆನ್‌ಲೈನ್ ಮೂಲಕ ಸ್ವೀಕರಿಸುತ್ತದೆ. ಸುತ್ತಿನ ಮಾರ್ಗಸೂಚಿಯನ್ನು ಪ್ರತಿಬಾರಿಯೂ ಹೊಸದಾಗಿ ಓದಬೇಕು, ಹಿಂದಿನ ಸುತ್ತಿನ ಆದ್ಯತೆ ಈ ಸುತ್ತಿನಲ್ಲಿ ಇಲ್ಲದಿರಬಹುದು. ತೆರಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಐರಿಷ್ ರೆವಿನ್ಯೂ ಇಲಾಖೆಯಿಂದ ಮುಂಚೆಯೇ ಪಡೆದಿಡುವುದು ಕ್ಷೇಮ.

ಮಂಜೂರಾತಿ ಬಂದರೂ ಒಪ್ಪಂದಕ್ಕೆ ಸಹಿಯಾಗುವ ಮೊದಲು ಧ್ವನಿಮುದ್ರಣ ಶುರು ಮಾಡಬೇಡಿ. ಯೋಜನೆ ಇರುವುದು ಹೊಸ ಕಾರ್ಯಕ್ರಮಗಳಿಗೆ. ಹಣ ಒಂದೇ ಬಾರಿಗೆ ಬರದೆ ಕಂತುಗಳಲ್ಲಿ ಬರುವುದರಿಂದ, ನಡುವಿನ ತಿಂಗಳುಗಳ ಖರ್ಚಿಗೆ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು. ಸಂಗೀತ ಬಳಸುವುದಿದ್ದರೆ ಹಕ್ಕುಗಳ ಕಡೆಗೆ ಗಮನವಿರಲಿ. ಕೇಂದ್ರವು ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಇಮ್ರೋ ಮತ್ತು ಪಿಪಿಐ ಸಂಸ್ಥೆಗಳಿಂದ ಪ್ರಸಾರಕ್ಕೆ ಪಡೆದಿರುವ ಅನುಮತಿ ಪಾಡ್‌ಕಾಸ್ಟ್‌ಗೂ ಸಾಲುತ್ತದೆಂದು ಊಹಿಸಿಕೊಳ್ಳಬಾರದು. ಮಾತನಾಡಿದವರ ಒಪ್ಪಿಗೆಯನ್ನು ಧ್ವನಿಮುದ್ರಣದ ದಿನವೇ ಬರಹದಲ್ಲಿ ಪಡೆಯಿರಿ. ಕೊನೆಯಲ್ಲಿ ಕಾರ್ಯಕ್ರಮದ ಪ್ರತಿ, ಪ್ರಸಾರವಾದ ದಿನ ಮತ್ತು ವೇಳೆಯ ವಿವರ, ಖರ್ಚಿನ ಲೆಕ್ಕ ಇವನ್ನು ಒಪ್ಪಿಸಬೇಕಾಗುತ್ತದೆ. ರಸೀದಿಗಳನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಕೂಡಿಡದವರು ಪ್ರಸಾರ ಮುಗಿದು ತಿಂಗಳುಗಳ ಮೇಲೆ ಪೆಟ್ರೋಲ್ ಬಿಲ್ ಹುಡುಕುತ್ತ ಕೂರಬೇಕಾಗುತ್ತದೆ.