ಹಸಿರು ಬಣ್ಣದಡಿ ಸಿಕ್ಕ ನಮ್ಮ ಓಣಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಗ್ಗುಲಿನ ವಾರ್ಡಿನಿಂದ ನಾನು ಎರಡು ಸಲ ಗೆದ್ದವನು. ಮೊದಲ ಅವಧಿ ಚರಂಡಿ, ಬೀದಿದೀಪ, ಬೋರ್‌ವೆಲ್ ಮೋಟರು ಅಂತಲೇ ಕಳೆಯಿತು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಂಸ್ಥೆಗಳ ಕೆಲಸಗಳ ಪಟ್ಟಿಯಿದೆ, ಅದರ ಮೊದಲ ಸಾಲೇ ನಗರ ಯೋಜನೆ. ಗೆದ್ದ ದಿನ ಶಾಲು, ಹಾರ ಬೇಕಾದಷ್ಟು ಬಿದ್ದವು, ಇದನ್ನು ಮಾತ್ರ ಯಾರೂ ಹೇಳಲಿಲ್ಲ.

ಎರಡನೇ ಅವಧಿಯಲ್ಲಿ, ಊರಿನ ಯಾವ ಜಾಗ ಯಾವುದಕ್ಕೆ ಅಂತ ಗೊತ್ತುಮಾಡುವ ಮಾಸ್ಟರ್ ಪ್ಲಾನಿನ ಕರಡು ನಕ್ಷೆ ಬಂತು. ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ನಮ್ಮ ಓಣಿ ಇರಬೇಕಾದ ಕಡೆ ಬೆರಳಿಟ್ಟರೆ ಪೂರಾ ಹಸಿರು. ಕಲರ್ ಜೆರಾಕ್ಸ್ ಮಾಡಿಸಿ ತಂದು ಭಟ್ಟಿ ಮುಂದಿನ ಕಟ್ಟೆ ಮೇಲೆ ಹಾಸಿದೆ. ಗಾಳಿಗೆ ಹಾರದಂತೆ ಮೂಲೆಗೆ ಜರಡಿ ಇಟ್ಟೆವು. ಬಿಸಿ ಮರಳಿನ ಮುಂದೆ ಆಯುಷ್ಯ ಸವೆಸಿದ ಅಜ್ಜಿಯೊಬ್ಬಳು ಬಗ್ಗಿ ನೋಡಿದಳು.

“ತಮ್ಮಾ, ನಮ್ಮನಿ ಎಲ್ಲೈತಿ ತೋರ್ಸು.”

“ಇಲ್ಲಿ ಪಾರ್ಕ್ ಅಂತ ಐತವ್ವ.”

“ಹಂಗಾರೆ ನಾವು ಗಿಡ ಆದ್ವಿ ಬಿಡು.”

1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 13ನೇ ಪ್ರಕರಣದಲ್ಲಿ ಆಕ್ಷೇಪಣೆಗೆ 60 ದಿನ ಅವಕಾಶವಿದೆ. ನನಗೆ ಅದು ತಿಳಿಯುವ ಹೊತ್ತಿಗೆ ಅರ್ಧ ಕಳೆದಿತ್ತು. ಅವಸರದಲ್ಲಿ ಒಂದೇ ಮನವಿಗೆ ಓಣಿಯವರ ಸಹಿ, ಹೆಬ್ಬೆಟ್ಟು ಹಾಕಿಸಿಕೊಟ್ಟು, ಪತ್ರಿಕೆಗೆ ಫೋಟೋ ತೆಗೆಸಿಕೊಂಡೆ. ಪರಿಚಯದ ವಕೀಲರು ನಕ್ಕರು: “ಒಂದು ಕಾಗದಕ್ಕೆ ಒಂದೇ ನಂಬರ್ ಬೀಳೋದು ಕಣಯ್ಯ.”

ಮತ್ತೆ ಶುರು. ಮನೆಗೊಂದು ಅರ್ಜಿ, ಅದಕ್ಕೆ ಕರೆಂಟ್ ಬಿಲ್, ರೇಷನ್ ಕಾರ್ಡಿನ ಜೆರಾಕ್ಸ್. ಕಾಲೇಜು ಹುಡುಗಿಯರು ನನ್ನ ಮನೆ ಪಡಸಾಲೆಯಲ್ಲಿ ಮೂರು ರಾತ್ರಿ ಬರೆದರು. ಸೀಲು ಬಿದ್ದ ಸ್ವೀಕೃತಿ ಕೈಗೆ ಬರೋತನಕ ಕೌಂಟರ್ ಬಿಟ್ಟು ಕದಲಬೇಡಿ ಅಂದಿದ್ದೆ. ಯಾವ ಕಾಗದವೂ ಇಲ್ಲದವರದ್ದೇ ಪೀಕಲಾಟ. ಅವರಿರುವ ಜಾಗವನ್ನು 1973ರ ಕೊಳಗೇರಿ ಕಾಯ್ದೆಯಡಿ ಕೊಳಗೇರಿ ಅಂತ ಘೋಷಣೆ ಮಾಡಿಸಲು ಓಡಾಡಿದ್ದರಲ್ಲೇ ನನ್ನ ಉಳಿದ ಅವಧಿ ಮುಗಿಯಿತು.

ವಿಚಾರಣೆಗೆ ಹೆಂಗಸರು ಆ ದಿನದ ಕೂಲಿ ಬಿಟ್ಟು ಬಂದರು. ನಾನು ತಯಾರಿಸಿಕೊಂಡಿದ್ದ ಭಾಷಣ ಜೇಬಲ್ಲೇ ಉಳಿಯಿತು. ಅಜ್ಜಿ ಸ್ವೀಕೃತಿಯನ್ನು ಮೇಜಿನ ಮೇಲಿಟ್ಟು, “ಇದ್ರಾಗ ನನ್ನ ಹೆಸ್ರು ಐತಿ, ನಕ್ಷೆದಾಗ ಯಾಕಿಲ್ಲ?” ಅಂದಳು.

ಕೊನೆಯ ನಕ್ಷೆಯಲ್ಲಿ ಓಣಿ ಹಳದಿಯಾಯಿತು. ತುದಿಯ ನಾಲ್ಕು ಮನೆ ಮಾತ್ರ ರಸ್ತೆ ಅಗಲೀಕರಣದ ಗೆರೆಯೊಳಗೆ ಹೋದವು. ಹಸಿರು ಅಳಿಸುವ ಭರದಲ್ಲಿ ಆ ಗೆರೆಯನ್ನು ನಾನು ನೋಡಿರಲೇ ಇಲ್ಲ. ಆ ನಾಲ್ಕು ಮನೆಯವರು ಈಗಲೂ ಎದುರು ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾರೆ.