ಕುಡಿಯದೆ ಉಳಿಯುತ್ತಿದ್ದ ನೀರು

ಬೆಂಗಳೂರು–ಮೈಸೂರು ಹೆದ್ದಾರಿ ಬದಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ನಾನು ಕಲ್ಯಾಣಾಧಿಕಾರಿಯಾಗಿ ಸೇರಿದಾಗ ಅಲ್ಲಿ ಯಾವುದಕ್ಕೂ ಕೊರತೆ ಕಾಣುತ್ತಿರಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕ್ಯಾಂಟೀನ್, 30ಕ್ಕಿಂತ ಹೆಚ್ಚು ಮಹಿಳೆಯರಿದ್ದ ಕಡೆ ಶಿಶುಪಾಲನಾ ಕೇಂದ್ರ, 500 ಜನರಿದ್ದರೆ ನನ್ನಂಥ ಒಬ್ಬ ಅಧಿಕಾರಿ ಇರಬೇಕಿತ್ತು. ಎಲ್ಲವೂ ಇದ್ದವು. ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆಯೂ ನಡೆಯುತ್ತಿತ್ತು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಹೊಲಿಗೆ ಯಂತ್ರಗಳ ಪಕ್ಕದ ನೀರಿನ ಬಾಟಲಿಗಳು ತುಂಬಿದ್ದಂತೆಯೇ ಇರುತ್ತಿದ್ದವು.

ನರ್ಸ್ ಬರೆದಿಡುತ್ತಿದ್ದ ರಿಜಿಸ್ಟರ್ ತೆಗೆಸಿ ನೋಡಿದೆ. ಪುಟದ ಮೇಲೆ ಪುಟ ಉರಿಮೂತ್ರ, ತಲೆನೋವು, ತಲೆಸುತ್ತು. ಕಾಲರ್ ಕೂರಿಸುವ ಟೈಲರ್ ಒಬ್ಬರನ್ನು ಕೇಳಿದಾಗ ಅವರು ಹೇಳಿದ್ದಿಷ್ಟು: “ನಾನು ಎದ್ದು ಹೋದರೆ ಹಿಂದಿನಿಂದ ಬಂದ ಪೀಸೆಲ್ಲ ನನ್ನ ಮುಂದೆ ಗುಡ್ಡೆ ಬೀಳುತ್ತದೆ ಸರ್. ಮುಂದಿನವಳಿಗೆ ಕೆಲಸವಿರುವುದಿಲ್ಲ. ಬೈಸಿಕೊಳ್ಳುವುದಕ್ಕಿಂತ ನೀರು ಕುಡಿಯದಿರುವುದೇ ವಾಸಿ.”

ಶೌಚಾಲಯಗಳಿಗೆ ಅಲ್ಲಿ ಬರವಿರಲಿಲ್ಲ, ಎದ್ದು ಹೋಗುವ ಧೈರ್ಯಕ್ಕೆ ಬರವಿತ್ತು. ಇದಕ್ಕೆ ಜಾಗೃತಿ ಶಿಬಿರ ಮಾಡಿ ‘ಹೆಚ್ಚು ನೀರು ಕುಡಿಯಿರಿ’ ಎಂದು ಭಿತ್ತಿಪತ್ರ ಅಂಟಿಸುವುದು ಅವರನ್ನು ಹಂಗಿಸಿದಂತೆ ಎಂದು ನನಗೆ ತೋರಿತು. ಹಾಗಾಗಿ ಕೆಲಸದ ಸಮಯ ಅಳೆದು ಟಾರ್ಗೆಟ್ ಕಟ್ಟುವ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗಕ್ಕೆ ಹೋಗಿ ಆ ಲೆಕ್ಕವನ್ನೇ ಬಿಚ್ಚಿಸಿದೆ.

ಒಂದು ಅಂಗಿ ಹೊಲಿಯಲು ಎಷ್ಟು ನಿಮಿಷ ಬೇಕೆಂಬ ಲೆಕ್ಕಕ್ಕೆ ಗಾರ್ಮೆಂಟ್ಸ್‌ನಲ್ಲಿ ಸ್ಯಾಮ್ ಎನ್ನುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹುಟ್ಟುವುದು ಅದರಿಂದಲೇ. ಬರೀ ಹೊಲಿಗೆಯ ಸಮಯದ ಮೇಲೆ ದಣಿವಿಗೆ, ಶೌಚಕ್ಕೆ, ನೀರಿಗೆ ಎಂದು ಒಂದಿಷ್ಟು ಸೇರಿಸುವುದು ರೂಢಿ. ಈ ಕ್ಷೇತ್ರದವರು ಬಳಸುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ಪಟ್ಟಿಯಲ್ಲಿ ಮಹಿಳೆಯರ ಸ್ವಂತ ಅಗತ್ಯಕ್ಕೆ ಶೇ 7, ದಣಿವಿಗೆ ಶೇ 4 ಇದೆ. 480 ನಿಮಿಷದ ಪಾಳಿಯಲ್ಲಿ ಆ ಶೇ 7 ಎಂದರೇ ಸುಮಾರು ಅರ್ಧ ಗಂಟೆ. ನಮ್ಮ ಕಡತದಲ್ಲೂ ಆ ಅರ್ಧ ಗಂಟೆ ಇತ್ತು! ಕಾಗದದಲ್ಲಿ ಕೊಟ್ಟದ್ದನ್ನು ಫ್ಲೋರಿನಲ್ಲಿ ಗದರಿಸಿ ಕಿತ್ತುಕೊಳ್ಳುತ್ತಿದ್ದರು. ಪ್ರೊಡಕ್ಷನ್ ಮ್ಯಾನೇಜರ್ ಮುಂದೆ ಕೂತಾಗ ಕರುಣೆಯ ಮಾತೇ ಎತ್ತಲಿಲ್ಲ, ಅವರದೇ ಲೆಕ್ಕವನ್ನು ಅವರ ಮುಂದಿಟ್ಟೆ.

ಆಮೇಲೆ ಎರಡು ಲೈನಿಗೆ, ಅಂದರೆ ಎರಡು ಹೊಲಿಗೆ ಸಾಲಿಗೆ, ಒಬ್ಬರಂತೆ ಫ್ಲೋಟರ್‌ಗಳನ್ನು ನಿಲ್ಲಿಸಿದೆವು. ಎಲ್ಲ ಆಪರೇಷನ್ ಬಲ್ಲ ಹಿರಿಯ ಟೈಲರ್‌ಗಳು ಅವರು. ಯಾರಾದರೂ ಎದ್ದರೆ ಆ ಯಂತ್ರಕ್ಕೆ ಫ್ಲೋಟರ್ ಕೂರುತ್ತಾರೆ, ಪೀಸ್ ನಿಲ್ಲುವುದಿಲ್ಲ. ಸೂಪರ್‌ವೈಸರ್ ಬಳಿ ಟೋಕನ್ ಇಸಿದುಕೊಂಡು ಹೋಗುವ ಪದ್ಧತಿಯನ್ನು ಅಂದೇ ತೆಗೆಸಿದೆ. ಮೊದಲ ವಾರ ಯಾರೂ ನಂಬಲಿಲ್ಲ, ಹೋಗಿಬಂದವರು ಸೂಪರ್‌ವೈಸರ್ ಮುಖವನ್ನೇ ನೋಡುತ್ತಿದ್ದರು. ಆಮೇಲಾಮೇಲೆ ಬಾಟಲಿಗಳು ಖಾಲಿಯಾಗತೊಡಗಿದವು.

ಬೈಗುಳದ ವಿಷಯ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಸೂಪರ್‌ವೈಸರ್‌ಗಳಿಗೆ ‘ಏಕವಚನ ಬೇಡ’ ಎಂದು ಪಾಠ ಮಾಡಿದ್ದು ಒಂದೇ ದಿನಕ್ಕೆ ಮರೆತುಹೋಯಿತು. ಅವರಲ್ಲಿ ಹೆಚ್ಚಿನವರು ಅದೇ ಲೈನಿನಲ್ಲಿ ಹೊಲಿದು ಮೇಲೆ ಬಂದವರು, ಕೆಟ್ಟವರೇನಲ್ಲ. ಪ್ರತಿ ಸಂಜೆಯ ಮೀಟಿಂಗಿನಲ್ಲಿ ಮೇಲಿನವರು ಎಲ್ಲರೆದುರು ಅವರನ್ನು ನಿಲ್ಲಿಸಿ ಉಗಿಯುತ್ತಿದ್ದರು, ಅದೇ ಮಾತು ಮರುದಿನ ಬೆಳಿಗ್ಗೆ ಲೈನಿಗೆ ಇಳಿಯುತ್ತಿತ್ತು. ಸಂಜೆಯ ಮೀಟಿಂಗನ್ನು ನಿಲ್ಲಿಸಿ, ಟಾರ್ಗೆಟ್ ತಪ್ಪಿದ ಲೈನಿನ ಬಳಿಗೇ ಮೆಕ್ಯಾನಿಕ್ ಮತ್ತು ಐಇಯವರು ಹೋಗಿ ಕಾರಣ ಬರೆಯಬೇಕೆಂದು ಮಾಡಿದೆವು. ಕೆಟ್ಟ ಯಂತ್ರ, ತಡವಾಗಿ ಬಂದ ಕಟಿಂಗ್, ಬಣ್ಣ ಹೊಂದದ ದಾರ ಇವೇ ಹೆಚ್ಚಿನ ಕಾರಣಗಳೆಂದು ಬೋರ್ಡಿನ ಮೇಲೆ ಬಂದಾಗ ಬೈಯಲು ಟೈಲರ್ ಸಿಗಲಿಲ್ಲ.

ದೂರು ಪೆಟ್ಟಿಗೆ ಭದ್ರತಾ ಸಿಬ್ಬಂದಿಯ ಮೇಜಿನ ಪಕ್ಕ, ಕ್ಯಾಮೆರಾದ ಕೆಳಗಿತ್ತು. ಅದರಲ್ಲಿ ಯಾರು ಚೀಟಿ ಹಾಕುತ್ತಾರೆ? ಶೌಚಾಲಯದ ಓಣಿಗೆ ಸಾಗಿಸಿದ ಮೇಲೆ ಚೀಟಿಗಳು ಬಂದವು. ಹೆಚ್ಚಿನವು ಓವರ್‌ಟೈಮ್ ಬಗ್ಗೆಯೇ. ದುಪ್ಪಟ್ಟು ಕೂಲಿ ಸರಿಯಾಗಿ ಸಿಗುತ್ತಿತ್ತು, ಗೋಳು ಬೇರೆಯದು: ಸಂಜೆ ನಾಲ್ಕಕ್ಕೆ ಹೇಳಿದರೆ ಮದ್ದೂರು ಕಡೆಯ ಹಳ್ಳಿಯವರು ಮನೆಗೆ ಏನೆಂದು ತಿಳಿಸಬೇಕು, ಮಗುವನ್ನು ಯಾರು ನೋಡಬೇಕು? ಹಿಂದಿನ ದಿನವೇ ತಿಳಿಸಬೇಕು, ಒಲ್ಲೆ ಎಂದವರ ಹೆಸರು ಬರೆದಿಟ್ಟುಕೊಳ್ಳಬಾರದು ಎಂದು ಕಾರ್ಯಸಮಿತಿಯಲ್ಲಿ ಒಪ್ಪಿಸಿದೆವು.

ಸರಕು ಕಳಿಸುವ ಶಿಪ್‌ಮೆಂಟ್ ವಾರ ಬಂದರೆ ಮಾತ್ರ ಇದೆಲ್ಲ ಅಲುಗಾಡುತ್ತಿತ್ತು. ಗೈರುಹಾಜರಾದವರ ಯಂತ್ರಕ್ಕೆ ಮೊದಲು ಕೂರಿಸುತ್ತಿದ್ದುದೇ ಫ್ಲೋಟರ್‌ಗಳನ್ನು. ಕೊನೆಗೆ ಲೈನ್ ಪ್ಲಾನಿನ ಟೈಲರ್ ಸಂಖ್ಯೆಯಿಂದಲೇ ಅವರನ್ನು ಹೊರಗಿಡಿಸಿ, ಅವರನ್ನು ಯಂತ್ರಕ್ಕೆ ಕಾಯಂ ಕೂರಿಸಬೇಕಾದರೆ ನನ್ನ ಸಹಿಯೂ ಬೇಕೆಂದು ಬರೆಸಿದೆ. ಅಲ್ಲಿಂದ ಮುಂದೆ ಶಿಪ್‌ಮೆಂಟ್ ವಾರಗಳಲ್ಲಿ ನನ್ನ ಮೇಜಿನ ಫೋನಿಗೆ ಬಿಡುವಿರಲಿಲ್ಲ.